ಮದುವೆ ಮನೆಯಲ್ಲಿ ಹಾಡಿದ ಬೇಂದ್ರೆ ಹಾಡು ಮತ್ತು ಲೆಕ್ಕಕ್ಕೆ ಸಿಗದ ಮಕ್ಕಳು

ಬಳ್ಳಾರಿಯಲ್ಲಿ ಗೆಳೆಯನ ತಂಗಿಯ ರಿಸೆಪ್ಷನ್. ಸ್ಟೇಜ್ ಪಕ್ಕದಲ್ಲಿ ಆರ್ಕೆಸ್ಟ್ರಾ. ನಾಲ್ಕೈದು ಸಿನಿಮಾ ಹಾಡು ಮುಗಿದ ಮೇಲೆ ಗಾಯಕ ಸ್ವಲ್ಪ ಗಂಭೀರವಾಗಿ ಮೈಕ್ ಹಿಡಿದು, ಈಗ ವರಕವಿ ಬೇಂದ್ರೆಯವರ ಒಂದು ಭಾವಗೀತೆ, ಮದುಮಕ್ಕಳಿಗಾಗಿ ಅಂದ. ಶುರು ಮಾಡಿದ್ದು ‘ನೀ ಹೀಂಗ ನೋಡಬ್ಯಾಡ ನನ್ನ’. ಮದುಮಗ ಮದುಮಗಳ ಕಡೆ ತಿರುಗಿ ನಕ್ಕ. ಹುಡುಗರು ಶಿಳ್ಳೆ ಹೊಡೆದರು. ಮೊಬೈಲುಗಳು ಮೇಲೆದ್ದವು.

ನನ್ನ ಪಕ್ಕ ಊಟಕ್ಕೆ ಕೂತಿದ್ದವಳು ನಮ್ಮಜ್ಜಿ. ಸಿರುಗುಪ್ಪ ಕಡೆಯವಳು, ಓದು ಬರಹ ಅಷ್ಟಕ್ಕಷ್ಟೇ. ರೇಡಿಯೋದಲ್ಲಿ ಕೇಳಿ ಕೇಳಿ ಹಾಡು ಮಾತ್ರ ಬಾಯಿಗೆ ಬರುತ್ತದೆ. ಎಲೆಯಲ್ಲಿದ್ದ ಕೈ ಹಾಗೇ ನಿಂತಿತು. ಕೂಸು ಸತ್ತಾಗಿನ ಹಾಡನ್ನ ಮದುವಿ ಮನ್ಯಾಗ ಯಾಕ ಹಾಡಸ್ತಾರ ಅಂತ ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ನಿಜ ಹೇಳಬೇಕಂದ್ರೆ, ಅದು ಕೂಸು ಸತ್ತಾಗಿನ ಹಾಡು ಅನ್ನೋದೇ ನನಗೆ ಗೊತ್ತಿರಲಿಲ್ಲ. ಇಂಜಿನಿಯರಿಂಗ್ ಓದಿ, ಆಮೇಲೆ ಇಷ್ಟು ವರ್ಷ ಪತ್ರಿಕೋದ್ಯಮ ಮಾಡಿ, ಪ್ರತಿಭಟನೆಗಳಲ್ಲಿ ಬೇಂದ್ರೆಯವರ ‘ಕುರುಡು ಕಾಂಚಾಣ’ವನ್ನ ಹತ್ತಾರು ಸಲ ಕೂಗಿದ್ದ ನಾನು, ಈ ಹಾಡನ್ನ ಅಷ್ಟು ದಿನ ಪ್ರೇಮಗೀತೆ ಅಂದುಕೊಂಡೇ ಕೇಳಿದ್ದೆ.

ಆ ರಾತ್ರಿಯಿಂದ ಬೇಂದ್ರೆಯವರ ಬದುಕನ್ನ ಮತ್ತೆ ಮೊದಲಿನಿಂದ ಓದಿದೆ. ವರಕವಿಯ ಬದುಕಲ್ಲ. ಮಕ್ಕಳನ್ನ ಕಳೆದುಕೊಂಡ ಒಬ್ಬ ಅಪ್ಪನ ಬದುಕು. ಇವತ್ತು ಹೇಳಬೇಕಾಗಿರೋದು ಅದನ್ನೇ.

ಪ್ಲೇಗು ಬಂದ ವರ್ಷ ಹುಟ್ಟಿದವನು

ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಧಾರವಾಡದಲ್ಲಿ ಹುಟ್ಟಿದ್ದು 1896ರ ಜನವರಿ 31ರಂದು. ಅದೇ ವರ್ಷ ಮುಂಬೈ ಬಂದರಿಗೆ ಪ್ಲೇಗು ಬಂದಿಳಿಯಿತು. ಎರಡು ವರ್ಷದೊಳಗೆ ಅದು ರೈಲು ಹಳಿ ಹಿಡಿದುಕೊಂಡು ಹುಬ್ಬಳ್ಳಿ-ಧಾರವಾಡಕ್ಕೂ ಬಂತು. ಊರು ಬಿಟ್ಟು ಜನ ಹೊರಗೆ ಗುಡಿಸಲು ಹಾಕಿಕೊಂಡು ಇರುತ್ತಿದ್ದ ಕಾಲ. ಆ ತಲೆಮಾರಿನ ಉತ್ತರ ಕರ್ನಾಟಕದ ಮನೆಗಳಲ್ಲಿ ಸಾವು ಅಂದರೆ ಆಗಾಗ ಬಂದು ಹೋಗುವ ನೆಂಟ.

ಅಪ್ಪ ರಾಮಚಂದ್ರ ಸಂಸ್ಕೃತ ಬಲ್ಲವರು, ಆದರೆ ಮಗ ಇನ್ನೂ ಹುಡುಗನಾಗಿದ್ದಾಗಲೇ ತೀರಿಕೊಂಡರು. ಆಮೇಲೆ ಮನೆಯನ್ನ ಹೊತ್ತವರು ಇಬ್ಬರು ಹೆಂಗಸರು: ಅಜ್ಜಿ ಗೋದೂಬಾಯಿ, ತಾಯಿ ಅಂಬವ್ವ. ಊಟದ ಖಾನಾವಳಿ ನಡೆಸಿ ಹುಡುಗನನ್ನ ಓದಿಸಿದರು. ಬೇಂದ್ರೆ ಮುಂದೆ ಕವಿತೆಗೆ ಇಟ್ಟುಕೊಂಡ ಹೆಸರು ಅಂಬಿಕಾತನಯದತ್ತ. ಅಂಬಿಕೆಯ ಮಗ ದತ್ತ. ನಮ್ಮಲ್ಲಿ ಗಂಡಸರು ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಬೆನ್ನಿಗೆ ಕಟ್ಟಿಕೊಂಡು ತಿರುಗುವ ರೂಢಿ. ಇವರು ಒಲೆ ಮುಂದೆ ಕೂತು ಬೆವರಿದ ತಾಯಿಯ ಹೆಸರನ್ನ ಕಟ್ಟಿಕೊಂಡರು. ಹೆಣ್ಣಿನ ದುಡಿಮೆ, ಹೆಣ್ಣಿನ ಸಂಕಟ ಇವರ ಕಣ್ಣಿಗೆ ಹೇಗೆ ಬಿತ್ತು ಅಂತ ಕೇಳುವವರು ಈ ಖಾನಾವಳಿಯಿಂದಲೇ ಶುರು ಮಾಡಬೇಕು.

ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಪದವಿ ಪಡೆದು ಧಾರವಾಡಕ್ಕೆ ವಾಪಸ್ ಬಂದು ಹೈಸ್ಕೂಲು ಮೇಷ್ಟ್ರಾದರು. ಆ ವರ್ಷವೂ ಸಾಮಾನ್ಯದ ವರ್ಷ ಅಲ್ಲ. ಇನ್ಫ್ಲುಯೆಂಜಾ ದೇಶದಲ್ಲಿ ಕೋಟಿಗೂ ಮೀರಿ ಜನರನ್ನ ಕೊಂದ ವರ್ಷ. ಮುಂದಿನ ವರ್ಷ, 1919ರಲ್ಲಿ, ಲಕ್ಷ್ಮೀಬಾಯಿ ಜೊತೆ ಮದುವೆ ಆಯಿತು.

ಒಂದು ಕಡೆ ಗೆಳೆಯರ ಗುಂಪು, ಇನ್ನೊಂದು ಕಡೆ ತೊಟ್ಟಿಲು

ಆಮೇಲಿನ ಹತ್ತು ಹದಿನೈದು ವರ್ಷದ ಬೇಂದ್ರೆ ನಮಗೆಲ್ಲ ಗೊತ್ತಿರುವ ಬೇಂದ್ರೆ. 1922ರ ಸುಮಾರಿಗೆ ಗೆಳೆಯರ ಗುಂಪು ಕಟ್ಟಿದರು. ಮನೆಮಾತು ಮರಾಠಿಯಾಗಿದ್ದರೂ ಧಾರವಾಡದ ಓಣಿಯ ಕನ್ನಡವನ್ನ ಎತ್ತಿ ಕಾವ್ಯದ ಗದ್ದುಗೆ ಮೇಲೆ ಕೂರಿಸಿದರು. ಲಾವಣಿ, ಬೀಸುಕಲ್ಲಿನ ಪದ, ಜೋಗುಳ, ಸಂತೆಯ ಮಾತು, ಎಲ್ಲವೂ ಇವರ ಕೈಯಲ್ಲಿ ಕವಿತೆಯಾಯಿತು. 1932ರಲ್ಲಿ ‘ಗರಿ’ ಬಂತು.

ಈ ವರ್ಷಗಳನ್ನ ಇನ್ನೊಂದು ಕಡೆಯಿಂದಲೂ ಓದಬಹುದು. ಇದೇ ಅವಧಿಯಲ್ಲಿ ಆ ಮನೆಯಲ್ಲಿ ತೊಟ್ಟಿಲು ಕಟ್ಟುತ್ತಿದ್ದರು, ಬಿಚ್ಚುತ್ತಿದ್ದರು. ಬಾಣಂತನ ಆಗುತ್ತಿತ್ತು. ಕೂಸಿಗೆ ಜ್ವರ ಬರುತ್ತಿತ್ತು. ಕೆಲವು ಸಲ ಇಳಿಯುತ್ತಿತ್ತು, ಕೆಲವು ಸಲ ಇಳಿಯುತ್ತಿರಲಿಲ್ಲ. ಲಕ್ಷ್ಮೀಬಾಯಿ ಹೆತ್ತ ಮಕ್ಕಳಲ್ಲಿ ಬೆಳೆದು ಉಳಿದವರು ಪಾಂಡುರಂಗ, ವಾಮನ, ಮಂಗಲಾ. ಉಳಿದವರಿಗಿಂತ ಹೋದವರೇ ಹೆಚ್ಚು.

ಈ ವಾಕ್ಯವನ್ನ ಇನ್ನೊಂದು ಸಲ ಓದಿ. ಉಳಿದವರಿಗಿಂತ ಹೋದವರೇ ಹೆಚ್ಚು. ಒಂದು ಕೂಸು ಹೋಗುವುದೇ ಒಂದು ಮನೆಯನ್ನ ಮುರಿಯುತ್ತದೆ. ಇಲ್ಲಿ ಒಂದರ ದುಃಖ ಆರುವ ಮೊದಲೇ ಇನ್ನೊಂದು. ಪ್ರತಿ ಬಸುರಿನ ಹಿಂದೆ, ಇದಾದರೂ ಉಳಿಯುತ್ತದಾ ಅನ್ನೋ ಭಯ. ಬೇಂದ್ರೆ ಕಾವ್ಯದಲ್ಲಿ ಕುಣಿತ ಇದೆ, ಹುಚ್ಚು ಸಂತೋಷ ಇದೆ, ಶ್ರಾವಣ ಇದೆ ಅಂತ ಪಾಠ ಹೇಳಿಸಿಕೊಂಡಿದ್ದೇವೆ. ಆ ಕುಣಿತ ಹುಟ್ಟಿದ್ದು ಇಂಥ ಮನೆಯಲ್ಲಿ ಅಂತ ನಮಗೆ ಯಾರೂ ಹೇಳಲಿಲ್ಲ. ಹೇಳಿದ್ದರೂ ಪರೀಕ್ಷೆಗೆ ಬರಲ್ಲ ಅಂತ ನಾವು ಕೇಳಿಸಿಕೊಳ್ಳಲಿಲ್ಲ.

ಆ ಕಾಲದ ಲೆಕ್ಕ ನೋಡಿದರೆ ಇದು ಬೇಂದ್ರೆಯೊಬ್ಬರ ಮನೆಯ ದುರದೃಷ್ಟ ಅಲ್ಲ. 1920ರ ದಶಕದ ಭಾರತದಲ್ಲಿ ಹುಟ್ಟಿದ ಐದಾರು ಕೂಸುಗಳಲ್ಲಿ ಒಂದು, ಮೊದಲ ಹುಟ್ಟುಹಬ್ಬ ಕಾಣುತ್ತಿರಲಿಲ್ಲ. ಒಂದು ವರ್ಷ ದಾಟಿದರೆ ದಡಾರ, ನಾಯಿಕೆಮ್ಮು, ಗಂಟಲಮಾರಿ, ವಾಂತಿಭೇದಿ, ನ್ಯುಮೋನಿಯಾ ಕಾಯುತ್ತಿದ್ದವು. ಆಂಟಿಬಯೋಟಿಕ್ ಅನ್ನೋದು ಇರಲಿಲ್ಲ. ಸಲ್ಫಾ ಔಷಧಿ ಜಗತ್ತಿನ ಮಾರುಕಟ್ಟೆಗೆ ಬಂದದ್ದೇ 1930ರ ದಶಕದ ನಡುವಿನಲ್ಲಿ. ಪೆನಿಸಿಲಿನ್ ಸಾಮಾನ್ಯ ಜನಕ್ಕೆ ಸಿಕ್ಕಿದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ. ದಡಾರದ ಲಸಿಕೆ 1963ರದ್ದು. ಭೇದಿಯಾದ ಮಗುವಿಗೆ ಉಪ್ಪು-ಸಕ್ಕರೆ ನೀರು ಕುಡಿಸಿ ಉಳಿಸಬಹುದು ಅಂತ ವಿಜ್ಞಾನ ಗಟ್ಟಿಯಾಗಿ ಹೇಳಿದ್ದು 1960ರ ದಶಕದ ಕೊನೆಗೆ. ಅಂದರೆ 1930ರ ಧಾರವಾಡದಲ್ಲಿ ಒಬ್ಬ ಅಪ್ಪ ಡಾಕ್ಟರನ್ನ ಮನೆಗೆ ಕರೆತಂದರೂ, ಆ ಡಾಕ್ಟರ ಕೈಚೀಲದಲ್ಲಿ ಕೊಡೋಕೆ ಹೆಚ್ಚೇನೂ ಇರಲಿಲ್ಲ.

ಜೈಲಿಗೆ ಹೋದ ಕವಿ, ಮನೆಯಲ್ಲಿದ್ದ ಲಕ್ಷ್ಮೀಬಾಯಿ

ನಮ್ಮಂಥ ರಾಜಕೀಯದ ಹುಚ್ಚಿನವರಿಗೆ ಬೇಂದ್ರೆ ಇಷ್ಟವಾಗೋದು ‘ನರಬಲಿ’ಯ ಕಾರಣಕ್ಕೆ. ಆ ಕವಿತೆಗಾಗಿ ಬ್ರಿಟಿಷ್ ಸರ್ಕಾರ ಅವರನ್ನ ಬೆಳಗಾವಿಯ ಹಿಂಡಲಗಾ ಜೈಲಿಗೆ ಹಾಕಿತು. ಆಮೇಲೆ ಧಾರವಾಡ ಹತ್ತಿರದ ಮುಗದ ಗ್ರಾಮದಲ್ಲಿ ಸ್ಥಾನಬದ್ಧತೆಯಲ್ಲಿಟ್ಟಿತು. ಕವಿತೆಗೆ ಹೆದರಿದ ಸರ್ಕಾರ ಅಂತ ನಾವು ಇವತ್ತಿಗೂ ಭಾಷಣದಲ್ಲಿ ಹೇಳುತ್ತೇವೆ. ಹೇಳಲೇಬೇಕು.

ಅದರ ಖರ್ಚು ಯಾರು ಕೊಟ್ಟರು ಅಂತ ಮಾತ್ರ ಕೇಳಲ್ಲ. ಹೊರಗೆ ಬಂದ ಮೇಲೆ ರಾಜದ್ರೋಹಿ ಅನ್ನೋ ಹಣೆಪಟ್ಟಿ ಇದ್ದವನಿಗೆ ಕಾಯಂ ಕೆಲಸ ಯಾರು ಕೊಡುತ್ತಾರೆ? 1935ರಲ್ಲಿ ಎಂಎ ಮಾಡಿಕೊಂಡರು. ಆದರೂ ನೆಲೆಯಾದ ಕೆಲಸ ಅಂತ ಸಿಕ್ಕಿದ್ದು 1944ರಲ್ಲಿ, ಅದೂ ಧಾರವಾಡದಲ್ಲಲ್ಲ, ಸೊಲ್ಲಾಪುರದ ಡಿಎವಿ ಕಾಲೇಜಿನಲ್ಲಿ. ಆಗ ಅವರಿಗೆ 48 ವರ್ಷ. ಹಿಂದಿನ ವರ್ಷವಷ್ಟೇ, 1943ರಲ್ಲಿ, ಶಿವಮೊಗ್ಗದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದರು. ಮೆರವಣಿಗೆ ಆಗಿತ್ತು, ಹಾರ ಬಿದ್ದಿತ್ತು. ಕಾಯಂ ಸಂಬಳ ಇರಲಿಲ್ಲ.

ಈ ನಡುವಿನ ವರ್ಷಗಳಲ್ಲಿ ಬೇಂದ್ರೆ ಊರೂರು ತಿರುಗಿದರು. ಭಾಷಣ, ಕವಿತಾ ವಾಚನ, ಪಾಠ. ಕೇಳುವವರು ಮೈಮರೆಯುತ್ತಿದ್ದರು. ಮನೆಯಲ್ಲಿ ಅಕ್ಕಿಡಬ್ಬಿ, ಕೂಸಿನ ಹಣೆಯ ಬಿಸಿ, ಮೆಡಿಸಿನ್ ಚೀಟಿ, ಎಲ್ಲವೂ ಲಕ್ಷ್ಮೀಬಾಯಿ ಪಾಲಿಗೆ. ಚಳವಳಿಗೆ ಹೋದ ಗಂಡಸರ ಕಥೆ ಬರೆಯುವಾಗ ನಾವು ಜೈಲಿನ ಗೋಡೆ ಎಷ್ಟು ಅಡಿ ಅಂತ ಬರೆಯುತ್ತೇವೆ, ಅದೇ ಹೊತ್ತಲ್ಲಿ ಮನೆಯ ಗೋಡೆಯೊಳಗೆ ಏನಾಯಿತು ಅಂತ ಬರೆಯಲ್ಲ. ಎರಡೂ ಒಂದೇ ಇತಿಹಾಸ. ಒಂದೇ ತಿಂಗಳ ಖರ್ಚಿನ ಪುಸ್ತಕ.

ಆ ನೋಟ

‘ನೀ ಹೀಂಗ ನೋಡಬ್ಯಾಡ ನನ್ನ’ 1938ರ ‘ನಾದಲೀಲೆ’ ಸಂಕಲನದಲ್ಲಿದೆ. ಅದರ ಹಿಂದಿರೋದು ಮಗುವಿನ ಸಾವು. ಗಂಡ ಹೆಂಡತಿ ಇಬ್ಬರೇ, ನಡುವೆ ಕೂಸು. ಅವಳು ಗಂಡನ ಮುಖ ನೋಡುತ್ತಾಳೆ.

ಕವಿತೆಯನ್ನ ಇಲ್ಲಿ ಎತ್ತಿ ಬರೆಯಲ್ಲ. ನೀವೇ ಓದಿ, ಟ್ಯೂನ್ ಇಲ್ಲದೆ ಓದಿ. ನಾನು ಹಾಗೆ ಓದಿದಾಗ ಕಂಡದ್ದನ್ನಷ್ಟೇ ಹೇಳುತ್ತೇನೆ.

ಮೊದಲನೆಯದು, ಇದು ಮಗುವಿನ ವರ್ಣನೆ ಅಲ್ಲ. ಮಗುವಿನ ಹೆಸರಿಲ್ಲ, ತೊದಲು ಮಾತಿನ ನೆನಪಿಲ್ಲ, ಗೆಜ್ಜೆ ಇಲ್ಲ. ಇಂಥ ಕಡೆ ಸಾಮಾನ್ಯವಾಗಿ ಬರುವ ಯಾವ ಸಾಮಾನೂ ಇಲ್ಲ. ಇಡೀ ಕವಿತೆ ನಿಂತಿರುವುದು ಇಬ್ಬರು ದೊಡ್ಡವರ ಕಣ್ಣುಗಳ ನಡುವೆ. ಅವಳ ಕಣ್ಣಲ್ಲಿ ನೀರು ತಡೆದು ನಿಂತಿದೆ. ಅವಳು ಅಳುತ್ತಿಲ್ಲ. ಅದೇ ಅವನಿಗೆ ತಡೆಯಲಾಗದ್ದು. ಅತ್ತುಬಿಡು ಅಂತ ಕೇಳಿಕೊಳ್ಳುತ್ತಾನೆ.

ಎರಡನೆಯದು, ಅವನು ಸಮಾಧಾನ ಹೇಳಲ್ಲ. ನಮ್ಮ ಕಡೆ ಸಾವಿನ ಮನೆಗೆ ಹೋದವರು ಏನೇನು ಹೇಳುತ್ತಾರೆ, ಗೊತ್ತಲ್ಲ? ದೇವರು ಕೊಟ್ಟಿದ್ದ, ದೇವರೇ ತಗೊಂಡ. ಋಣ ಅಷ್ಟೇ ಇತ್ತು. ಇನ್ನೂ ವಯಸ್ಸಿದೆ, ಮತ್ತೊಂದಾಗುತ್ತೆ. ಬೇಂದ್ರೆ ವೇದಾಂತ ಬಲ್ಲವರು, ಅರವಿಂದರನ್ನ ಹಚ್ಚಿಕೊಂಡವರು. ವೇದಾಂತ ಹೇಳಬೇಕಂದಿದ್ದರೆ ಅವರಷ್ಟು ಚೆಂದ ಹೇಳುವವರು ಇರಲಿಲ್ಲ. ಹೇಳಲಿಲ್ಲ. ಅವಳ ನೋಟಕ್ಕೆ ತನ್ನ ಹತ್ತಿರ ಉತ್ತರ ಇಲ್ಲ ಅಂತ ಒಪ್ಪಿಕೊಂಡರು. ಜಗತ್ತಿಗೆಲ್ಲ ಮಾತು ಕೊಟ್ಟವನು ಹೆಂಡತಿಯ ಎದುರು ಮುಖ ತಿರುಗಿಸಬೇಕಾಯಿತು. ಅದನ್ನೇ ಬರೆದರು.

ಮೂರನೆಯದು, ಬರೆದದ್ದು ಗ್ರಾಂಥಿಕ ಕನ್ನಡದಲ್ಲಲ್ಲ. ಅಡುಗೆಮನೆಯಲ್ಲಿ ಗಂಡ ಹೆಂಡತಿ ಆಡುವ ಧಾರವಾಡದ ಮಾತಿನಲ್ಲಿ. ನಮ್ಮ ಬಳ್ಳಾರಿ ಕಡೆ ಅವರು ‘ಹೀಂಗ’ ಅಂದಿದ್ದನ್ನ ‘ಹಿಂಗ’ ಅಂತೀವಿ, ಅಷ್ಟೇ ಫರಕು. ಸಿರುಗುಪ್ಪದ ನಮ್ಮಜ್ಜಿಗೆ ಈ ಹಾಡು ಯಾರೂ ವಿವರಿಸದೆ ಅರ್ಥವಾಗಿದ್ದು ಅದಕ್ಕೇ. ಅವಳು ಸಾಹಿತ್ಯ ಅಂತ ಕೇಳಿರಲಿಲ್ಲ, ತನ್ನ ಮನೆಯ ಮಾತು ಅಂತ ಕೇಳಿದ್ದಳು.

ಹಿಂದಿನ ವರ್ಷ, 1937ರಲ್ಲಿ, ‘ಸಖೀಗೀತ’ ಬಂದಿತ್ತು. ಹೆಂಡತಿಯನ್ನ ಸಖಿ ಅಂತ ಕರೆದು, ಕೂಡಿ ಬಾಳಿದ ಬಾಳಿನ ಸಿಹಿ-ಕಹಿಯನ್ನ ಉದ್ದಕ್ಕೆ ಹೇಳಿಕೊಂಡ ನೀಳ್ಗವಿತೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಗೊತ್ತಾಗುತ್ತದೆ: ಬೇಂದ್ರೆಗೆ ಮಕ್ಕಳ ನೆನಪು ಅಂದರೆ ಅದು ಮಕ್ಕಳ ತಾಯಿಯ ನೆನಪೂ ಹೌದು. ಹೋದ ಕೂಸನ್ನ ಅವಳನ್ನ ಬಿಟ್ಟು ಬೇರೆಯಾಗಿ ನೆನೆಯೋಕೆ ಅವರಿಗೆ ಆಗಲೇ ಇಲ್ಲ.

ತಿಥಿ ಇಲ್ಲದವರು

ಈ ಕವಿತೆ ಯಾಕೆ ಅಷ್ಟು ಮುಖ್ಯ ಅನ್ನೋದಕ್ಕೆ ಇನ್ನೊಂದು ಕಾರಣ ಇದೆ. ಅದು ನಮ್ಮ ಸಂಪ್ರದಾಯದ್ದು.

ದೊಡ್ಡವರು ಸತ್ತರೆ ಹದಿಮೂರು ದಿನ, ಮಾಸಿಕ, ವರ್ಷಾಬ್ದಿಕ, ಆಮೇಲೆ ವರ್ಷಕ್ಕೊಂದು ತಿಥಿ. ನೆನೆಯೋಕೆ ಒಂದು ದಿನ, ಎಡೆ ಇಡೋಕೆ ಒಂದು ಎಲೆ. ಎಳೆಗೂಸು ಸತ್ತರೆ ಇವು ಯಾವುವೂ ಇಲ್ಲ. ಸುಡುವ ಜಾತಿಗಳಲ್ಲೂ ಕೂಸನ್ನ ಹೂಳುತ್ತಾರೆ. ಸೂತಕ ಬೇಗ ಮುಗಿಯುತ್ತದೆ. ಶ್ರಾದ್ಧ ಇಲ್ಲ. ಗೋಡೆ ಮೇಲೆ ಫೋಟೋ ಇಲ್ಲ, ಯಾಕಂದ್ರೆ ತೆಗೆಸೇ ಇರಲ್ಲ. ತಾಯಿ ನಾಲ್ಕು ದಿನಕ್ಕೆ ಎದ್ದು ಕೆಲಸಕ್ಕೆ ನಿಲ್ಲಬೇಕು. ಹೆಚ್ಚು ಅತ್ತರೆ ಮುಂದಿನ ಕೂಸಿಗೆ ಒಳ್ಳೇದಲ್ಲ ಅಂತ ಗದರುವವರೂ ಇರುತ್ತಾರೆ. ಮಕ್ಕಳು ಸಾಯುವುದೇ ಮಾಮೂಲಿಯಾಗಿದ್ದ ಕಾಲದಲ್ಲಿ ಸಮಾಜ ಕಂಡುಕೊಂಡ ದಾರಿ ಅದು: ಪ್ರತಿ ಸಾವಿಗೂ ಪೂರ್ತಿ ಅತ್ತರೆ ಬದುಕೋಕಾಗಲ್ಲ, ಅದಕ್ಕೇ ಲೆಕ್ಕಕ್ಕೇ ಹಿಡಿಯಬೇಡ.

ಜನ ಮಾತ್ರ ಯಾವತ್ತೂ ಪೂರ್ತಿ ಮರೆತಿಲ್ಲ. ಸಿರುಗುಪ್ಪ ತಾಲೂಕಿನಲ್ಲೇ ಟೆಕ್ಕಲಕೋಟೆ ಇದೆ. ಅಲ್ಲಿನ ಗುಡ್ಡದಲ್ಲಿ 1963-64ರಲ್ಲಿ ಪುರಾತತ್ವಜ್ಞ ಎಂ.ಎಸ್. ನಾಗರಾಜರಾವ್ ಉತ್ಖನನ ನಡೆಸಿದರು. ನವಶಿಲಾಯುಗದ ಊರು, ಮೂರೂವರೆ ಸಾವಿರ ವರ್ಷಕ್ಕೂ ಹಿಂದಿನದು. ದೊಡ್ಡವರ ಸಮಾಧಿಗಳ ಜೊತೆ ಅಲ್ಲಿ ಮಡಕೆಯೊಳಗಿಟ್ಟು ಹೂತ ಪುಟ್ಟ ಮಕ್ಕಳ ಅಸ್ಥಿಗಳೂ ಸಿಕ್ಕವು. ಆ ಅಪ್ಪ-ಅಮ್ಮಂದಿರ ಭಾಷೆ ಯಾವುದೋ, ದೇವರು ಯಾವುದೋ. ಕೂಸನ್ನ ಬರೀ ಮಣ್ಣಿಗೆ ಹಾಕೋಕೆ ಅವರಿಗೂ ಮನಸ್ಸು ಬಂದಿರಲಿಕ್ಕಿಲ್ಲ ಅಂತ ನನಗೆ ಅನಿಸುತ್ತದೆ. ಮನೆಯಲ್ಲಿದ್ದ ಮಡಕೆ ತಂದರು.

ಧಾರವಾಡದ ಆ ಮನೆಯಲ್ಲೂ ಹೋದ ಕೂಸುಗಳಿಗೆ ತಿಥಿ ಇರಲಿಲ್ಲ. ಕವಿತೆ ಇತ್ತು. ನನ್ನ ಓದಿನಲ್ಲಿ ‘ನೀ ಹೀಂಗ ನೋಡಬ್ಯಾಡ ನನ್ನ’ ಅನ್ನೋದು ಶಾಸ್ತ್ರ ಬಿಟ್ಟ ಜಾಗವನ್ನ ತುಂಬಿದ ನೆನಕೆ. ಅದರ ಪಾಡಿಗೆ ಅದು ಒಂದು ಮಡಕೆ.

ಹೆಸರು ಬಂದ ಮೇಲೆ

ಮುಂದಿನ ಬದುಕು ಬೇಗ ಹೇಳಿ ಮುಗಿಸಬಹುದು, ಎಲ್ಲರಿಗೂ ಗೊತ್ತಿರುವುದೇ. 1956ರವರೆಗೆ ಸೊಲ್ಲಾಪುರ. ಆಮೇಲೆ ಧಾರವಾಡ ಆಕಾಶವಾಣಿಗೆ ಸಲಹೆಗಾರರು. 1958ರಲ್ಲಿ ‘ಅರಳು ಮರಳು’ಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1968ರಲ್ಲಿ ಪದ್ಮಶ್ರೀ, ‘ನಾಕುತಂತಿ’ಗೆ 1973ರ ಜ್ಞಾನಪೀಠ. ಸಾಧನಕೇರಿಯ ಮನೆಗೆ ಬರುವವರ ಸಾಲು. ಕೊನೆಗಾಲದಲ್ಲಿ ಅಂಕಿಗಳ ಹುಚ್ಚು ಹತ್ತಿತ್ತು. ಅಕ್ಷರಕ್ಕಿಂತ ಸಂಖ್ಯೆಯಲ್ಲೇ ಜಗತ್ತಿನ ಗುಟ್ಟಿದೆ ಅಂತ ಹಾಳೆಗಟ್ಟಲೆ ಬರೆಯುತ್ತಿದ್ದರು, ಬಂದವರಿಗೆ ವಿವರಿಸುತ್ತಿದ್ದರು. 1981ರ ಅಕ್ಟೋಬರ್ 26ರಂದು ಮುಂಬೈಯಲ್ಲಿ ತೀರಿಕೊಂಡರು. ಉಳಿದ ಮಕ್ಕಳಲ್ಲಿ ಒಬ್ಬರಾದ ವಾಮನ ಬೇಂದ್ರೆ ಅಪ್ಪನ ಕವಿತೆಗಳನ್ನೆಲ್ಲ ಕೂಡಿಸಿ ‘ಔದುಂಬರಗಾಥೆ’ಯ ಸಂಪುಟಗಳಾಗಿ ಕೊಟ್ಟರು. ಬದುಕಿ ಉಳಿದ ಒಂದು ಕೂಸು ಏನು ಮಾಡಬಲ್ಲದು ಅನ್ನೋದಕ್ಕೆ ಆ ಸಂಪುಟಗಳು ಲೆಕ್ಕ. ಹೋದವರು ಏನಾಗುತ್ತಿದ್ದರೋ.

ಈ ಇಡೀ ಕಥೆಯಲ್ಲಿ ನನಗೆ ಕೊರೆಯುವ ಒಂದು ಸಂಗತಿ ಇದೆ. ಅಪ್ಪನ ಮಾತು ನಮ್ಮ ಹತ್ತಿರ ಇದೆ. ಅವ್ವನ ಮಾತಿಲ್ಲ. ಆ ಕವಿತೆಯಲ್ಲಿ ಲಕ್ಷ್ಮೀಬಾಯಿ ನೋಡುತ್ತಾರೆ, ಮಾತಾಡಲ್ಲ. ಆ ನೋಟದಲ್ಲಿ ಏನಿತ್ತು? ದುಃಖವಷ್ಟೇನಾ? ನೀನು ಊರೂರು ತಿರುಗುವಾಗ ನಾನೊಬ್ಬಳೇ ಇದ್ದೆ ಅನ್ನೋ ಸಿಟ್ಟೂ ಇತ್ತಾ? ಬೇಂದ್ರೆ ಅದನ್ನ ಬಿಡಿಸಿ ಹೇಳಲ್ಲ. ಹೇಳದೆ ಬಿಟ್ಟದ್ದು ಅವರ ಪ್ರಾಮಾಣಿಕತೆ ಅಂತ ನನಗೆ ಅನಿಸುತ್ತದೆ. ಅವಳ ಪರವಾಗಿ ತಾನೇ ಮಾತಾಡಿಬಿಡಲಿಲ್ಲ. ಆದರೆ ಆ ಜಾಗ ಖಾಲಿ ಇದೆ ಅನ್ನೋದನ್ನ ನಾವು ಮರೆಯಬಾರದು.

ಈಗಿನ ಲೆಕ್ಕ

ಬೇಂದ್ರೆ ಕಾಲ ಮುಗಿಯಿತು, ಇದು ಹಳೇ ದುಃಖ ಅಂತ ಹೇಳಿ ಎದ್ದು ಹೋಗಬಹುದು. ಸ್ವಲ್ಪ ಕೂತ್ಕೊಳ್ಳಿ.

ಬದಲಾವಣೆ ಆಗಿದೆ, ದೊಡ್ಡದೇ ಆಗಿದೆ. 1978ರಲ್ಲಿ ದೇಶದಲ್ಲಿ ಲಸಿಕೆ ಕಾರ್ಯಕ್ರಮ ಶುರುವಾಯಿತು, 1985ರಿಂದ ಅದು ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವಾಯಿತು. 1971ರಲ್ಲಿ ದೇಶದ ಶಿಶುಮರಣ ಸಾವಿರ ಜನನಕ್ಕೆ 129 ಇತ್ತು. 2020ರ ಮಾದರಿ ನೋಂದಣಿ ಸಮೀಕ್ಷೆಯಲ್ಲಿ ಅದು 28, ಕರ್ನಾಟಕದಲ್ಲಿ 19. ಇದು ತಾನಾಗೇ ಆದದ್ದಲ್ಲ. ಕುರುಗೋಡಿನ ಬಿಸಿಲಲ್ಲಿ ಮೆಣಸಿನಕಾಯಿ ಹೊಲ ದಾಟಿ, ಬಾಣಂತಿ ಇರುವ ಮನೆ ಹುಡುಕಿಕೊಂಡು ಹೋಗುವ ಆಶಾ ಕಾರ್ಯಕರ್ತೆಯ ಕಾಲಿನಿಂದ ಆದದ್ದು. ಆಸ್ಪತ್ರೆಯಲ್ಲಿ ಹೆರಿಗೆ ಆದ ಕೂಸನ್ನ ಅವಳು 42 ದಿನದೊಳಗೆ ಆರು ಸಲ ಮನೆಗೇ ಹೋಗಿ ನೋಡಬೇಕು: ತೂಕ, ಉಸಿರು, ಮೈ ಬಿಸಿ, ಹಾಲು ಕುಡಿಯುತ್ತಾ. ಲಕ್ಷ್ಮೀಬಾಯಿಗೆ ಆ ದಿನಗಳಲ್ಲಿ ಬಾಗಿಲು ತಟ್ಟಿ ಬರುವ ಇಂಥ ಒಬ್ಬಳು ಇರಲಿಲ್ಲ. ಹಾಗೆ ಬಾಗಿಲು ತಟ್ಟುವವಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಗೌರವಧನಕ್ಕಾಗಿ ರಾತ್ರಿ ಕೂತಾಗ, ಅದು ಯಾರದೋ ಸಂಬಳದ ಜಗಳ ಅಂತ ನಾವು ಸ್ಕ್ರೋಲ್ ಮಾಡಿ ಮುಂದೆ ಹೋಗುತ್ತೇವೆ.

19 ಅಂದರೆ ಚಿಕ್ಕ ಸಂಖ್ಯೆ ಅನಿಸುತ್ತದೆ. ಇಂಜಿನಿಯರಿಂಗ್ ಬುದ್ಧಿ, ಗುಣಾಕಾರ ಮಾಡಿ ನೋಡಿದೆ. ರಾಜ್ಯದಲ್ಲಿ ವರ್ಷಕ್ಕೆ ಹತ್ತು ಲಕ್ಷ ಹೆರಿಗೆ ಅಂತ ಹಿಡಿದರೂ, 2020ರ ಆ ದರದಲ್ಲಿ ವರ್ಷ ತುಂಬುವ ಮೊದಲೇ ಕೂಸು ಕಳೆದುಕೊಂಡ ಮನೆಗಳು ಹತ್ತೊಂಬತ್ತು ಸಾವಿರ. ಹತ್ತೊಂಬತ್ತು ಸಾವಿರ ಸಲ ಯಾರೋ ಒಬ್ಬಳು ಯಾರೋ ಒಬ್ಬನ ಮುಖ ನೋಡಿದಳು. 1930ರಲ್ಲಿ ಡಾಕ್ಟರ ಚೀಲದಲ್ಲಿ ಔಷಧಿಯೇ ಇರಲಿಲ್ಲ. ಈಗ ಔಷಧಿ ಇದೆ, ಲಸಿಕೆ ಇದೆ, ನವಜಾತ ಶಿಶು ಘಟಕ ಇದೆ. ಹಾಗಿದ್ದೂ ಹೋದರೆ, ಋಣ ಅಷ್ಟೇ ಇತ್ತು ಅನ್ನೋ ಮಾತು ಸಾಲಲ್ಲ. ಆ ನೋಟ ಈಗ ಗಂಡನನ್ನಷ್ಟೇ ಕೇಳುತ್ತಿಲ್ಲ. 371ಜೆ ಬಂತು, ಪ್ರತ್ಯೇಕ ಮಂಡಳಿ ಬಂತು, ಗಣಿ ದುಡ್ಡು ಬಂತು ಅಂತ ಬಳ್ಳಾರಿಯ ವೇದಿಕೆಗಳಲ್ಲಿ ಹೇಳುವ ಎಲ್ಲರನ್ನೂ ಕೇಳುತ್ತಿದೆ. ತಾಲೂಕು ಆಸ್ಪತ್ರೆಯಲ್ಲಿ ರಾತ್ರಿ ಎರಡಕ್ಕೆ ಮಕ್ಕಳ ಡಾಕ್ಟರ್ ಇದ್ದಾರಾ, ಆಂಬುಲೆನ್ಸ್ ಎಷ್ಟು ಹೊತ್ತಿಗೆ ಬರುತ್ತೆ, ಬಸುರಿಯ ರಕ್ತ ಎಷ್ಟಿದೆ ಅಂತ ಯಾರಾದರೂ ನೋಡಿದರಾ. ರಾಜಕೀಯ ಅಂದರೆ ನನಗೆ ಈಗೀಗ ಇವೇ ಪ್ರಶ್ನೆ ಅನಿಸುತ್ತಿದೆ.

ಇನ್ನೊಂದು ಸಣ್ಣ ವಿಷಯ. 1969ರ ಕಾಯ್ದೆ ಪ್ರಕಾರ ಪ್ರತಿ ಜನನವೂ ಪ್ರತಿ ಮರಣವೂ ನೋಂದಣಿ ಆಗಬೇಕು, 21 ದಿನದೊಳಗೆ. ಒಂದೇ ದಿನ ಬದುಕಿದ ಕೂಸಿಗೂ ಅನ್ವಯ. ಆ ಸರ್ಟಿಫಿಕೇಟಿನಿಂದ ಏನು ಬರುತ್ತೆ, ಆಸ್ತಿಯಾ ಅಂತ ಕೇಳುವವರಿದ್ದಾರೆ. ಶಾಸ್ತ್ರ ಕೊಡದ ಜಾಗವನ್ನ ಕೊನೆಗೆ ಕಾನೂನು ಕೊಟ್ಟಿದೆ, ಒಂದು ಸಾಲಿನಷ್ಟು. ಅಷ್ಟನ್ನಾದರೂ ಬಿಡಬಾರದು. ಲೆಕ್ಕಕ್ಕೆ ಬಾರದ ಸಾವಿಗೆ ಯಾವ ಸರ್ಕಾರವೂ ಉತ್ತರ ಕೊಡಲ್ಲ.

ರಿಸೆಪ್ಷನ್ ಮುಗಿಸಿ ಅಜ್ಜಿಯನ್ನ ಸಿರುಗುಪ್ಪಕ್ಕೆ ಬಿಡೋಕೆ ಹೊರಟೆ. ದಾರಿಯಲ್ಲಿ ಕೇಳಿದೆ, ನಿನಗೆ ಮಕ್ಕಳು ಎಷ್ಟು ಅಂತ. ಮೊಮ್ಮಗನಿಗೆ ಗೊತ್ತಿರಬೇಕಾದ ಉತ್ತರ: ನಾಲ್ಕು. ನಮ್ಮ ತಾಯಿ, ಇಬ್ಬರು ಮಾವಂದಿರು, ಒಬ್ಬ ಚಿಕ್ಕಮ್ಮ. ಅಜ್ಜಿ ಏಳು ಅಂದಳು. ಕತ್ತಲಲ್ಲಿ ಭತ್ತದ ಗದ್ದೆ ನೋಡುತ್ತಾ ಒಂದೊಂದನ್ನೇ ಹೇಳಿದಳು. ಒಂದಕ್ಕೆ ಹೆಸರಿಟ್ಟಿರಲಿಲ್ಲ. ಒಂದು ದಡಾರಕ್ಕೆ ಹೋಯಿತು. ಇನ್ನೊಂದು ಭೇದಿಗೆ, ಕಾರಹುಣ್ಣಿಮೆ ಮುಂದೆ. ಮೂವತ್ತು ದಾಟಿದ ನಾನು, ಇಷ್ಟು ವರ್ಷ ಅವಳ ಮಡಿಲಲ್ಲೇ ಬೆಳೆದವನು, ಆ ಮೂವರ ಬಗ್ಗೆ ಕೇಳಿದ್ದು ಅದೇ ಮೊದಲು. ಯಾಕ ಹೇಳಿಲ್ಲ ಅಂದದ್ದಕ್ಕೆ, ಯಾರೂ ಕೇಳಿಲ್ಲಲ್ಲ ಅಂದಳು.

ನಿಮ್ಮ ಮನೆಯಲ್ಲೂ ಇಂಥ ಒಬ್ಬಳು ಇರಬಹುದು. ಈ ವಾರ ಫೋನ್ ಮಾಡಿದಾಗ ಕೇಳಿ ನೋಡಿ. ಹೆಸರು ಇದ್ದರೆ ಹೆಸರು, ಇಲ್ಲದಿದ್ದರೆ ಯಾವ ಹಬ್ಬದ ಮುಂದೆ, ಯಾವ ಜ್ವರಕ್ಕೆ ಅನ್ನೋದನ್ನ ಬರೆದಿಟ್ಟುಕೊಳ್ಳಿ. ನಾನು ಆ ರಾತ್ರಿ ಸಿರುಗುಪ್ಪದಿಂದ ವಾಪಸ್ ಬಂದ ಮೇಲೆ ಒಂದು ಹಾಳೆಯಲ್ಲಿ ಏಳನ್ನೂ ಬರೆದೆ. ಹೆಸರಿಡದ ಕೂಸಿನ ಮುಂದೆ ಹುಟ್ಟಿದ ಸಾಲಿನ ಅಂದಾಜು ಮಾತ್ರ ಇದೆ. ಅಜ್ಜಿಗೆ ಓದಿ ಹೇಳಿದಾಗ ಅವಳು ಎರಡು ಕಡೆ ತಿದ್ದಿಸಿದಳು.